ಚಟ್ಟಿಗೂ ನೆರಳು ಬೇಕು: ಮುಂಬೈ ಬಾಲ್ಕನಿಯ ಬೇಸಿಗೆ ಕೆಲಸಗಳು

ಮಧ್ಯಾಹ್ನ ಮೂರು ಗಂಟೆಗೆ ನಿಮ್ಮ ಬಾಲ್ಕನಿಗೆ ಹೋಗಿ. ಬಿಸಿಲು ಬೀಳುವ ಕಡೆಯಿಂದ ಒಂದು ಕುಂಡದ ಮೈಗೆ ಅಂಗೈ ಒತ್ತಿ ಹಿಡಿಯಿರಿ. ಹತ್ತು ಎಣಿಸುವಷ್ಟು ಹೊತ್ತು ಕೈ ಇಡಲು ಆಗದಿದ್ದರೆ, ಒಳಗೆ ಅದೇ ಗೋಡೆಗೆ ಅಂಟಿಕೊಂಡಿರುವ ಬೇರಿಗೂ ಅಷ್ಟೇ ಬಿಸಿ ತಾಗುತ್ತಿದೆ. ಆ ಬೇರಿಗೆ ಕೈ ಹಿಂದಕ್ಕೆ ಎಳೆದುಕೊಳ್ಳಲು ಆಗುವುದಿಲ್ಲ. ಈ ಲೇಖನದಲ್ಲಿ ನಾನು ಹೇಳುವ ಅರ್ಧದಷ್ಟು ಕೆಲಸ ಈ ಒಂದು ಪರೀಕ್ಷೆಯ ಮೇಲೆ ನಿಂತಿದೆ.

ನಾನು ಉಡುಪಿ ಕಡೆಯವಳು. ನಮ್ಮಲ್ಲಿ ಹೂವಿನ ಕುಂಡಕ್ಕೆ ಚಟ್ಟಿ ಅನ್ನುತ್ತಾರೆ. ಮುಲುಂಡಿನ ಈ ಮನೆಗೆ ಬಂದ ಮೊದಲ ಬೇಸಿಗೆಯಲ್ಲಿ ನನ್ನ ಕರಿಬೇವು ಸತ್ತುಹೋಯಿತು. ಅದನ್ನು ತಂದ ಕಪ್ಪು ಪ್ಲಾಸ್ಟಿಕ್ ಚಟ್ಟಿಯಲ್ಲೇ ಬಿಸಿಲಿಗೆ ಇಟ್ಟಿದ್ದೆ. ಎಲೆ ಜೋಲು ಬಿದ್ದಾಗಲೆಲ್ಲ ನೀರು ಹಾಕಿದೆ. ಕೆಲವು ದಿನ ಮೂರು ಮೂರು ಸಲ. ಕೊನೆಗೆ ಕಿತ್ತು ನೋಡಿದರೆ ಚಟ್ಟಿಯ ಗೋಡೆಗೆ ತಾಗಿದ್ದ ಬೇರು ಕಂದು ಬಣ್ಣಕ್ಕೆ ತಿರುಗಿ ಒಣಗಿತ್ತು, ನಡುವಿನ ಬೇರು ಕೊಳೆತು ವಾಸನೆ ಬರುತ್ತಿತ್ತು. ಒಂದೇ ಗಿಡ ಒಂದು ಕಡೆ ಬೆಂದು, ಇನ್ನೊಂದು ಕಡೆ ಮುಳುಗಿತ್ತು. ಆ ದಿನ ತುಂಬ ಬೇಸರವಾಗಿತ್ತು. ಅಮ್ಮ ಊರಿನಿಂದ ಕಳಿಸಿದ ಗಿಡ ಅದು.

ನಮ್ಮ ಕಟ್ಟಡದ್ದೂ ಎದುರು ಕಟ್ಟಡದ್ದೂ ಸೇರಿ ನಾಲ್ಕು ಮನೆಯವರು ಈಗ ಒಟ್ಟಿಗೆ ಗಿಡ ಬೆಳೆಸುತ್ತೇವೆ. ಭಾನುವಾರ ಬೆಳಿಗ್ಗೆ ಚಹಾ ಹೊತ್ತಿಗೆ ಯಾರದಾದರೂ ಒಬ್ಬರ ಬಾಲ್ಕನಿಯಲ್ಲಿ ಸೇರುತ್ತೇವೆ. ಧಾರವಾಡದ ವೈನಿಯವರದು ಪಶ್ಚಿಮದ ಬಾಲ್ಕನಿ. ಕಾಸರಗೋಡಿನ ಮೇಷ್ಟ್ರದು ಪೂರ್ವ. ಪಕ್ಕದ ಮರಾಠಿ ಕಾಕೂ ಅವರದು ಉತ್ತರ. ನನ್ನದು ದಕ್ಷಿಣ. ಹೀಗೆ ನಾಲ್ಕೂ ದಿಕ್ಕು ಸಿಕ್ಕಿದ್ದರಿಂದ ಒಂದೇ ಗಿಡ ಎಲ್ಲೆಲ್ಲಿ ಹೇಗೆ ಬರುತ್ತದೆ ಅಂತ ಹೋಲಿಸಿ ನೋಡಲು ಆಯಿತು. ಕೆಳಗೆ ಬರೆದದ್ದು ನಾವು ಮಾಡಿ ನೋಡಿದ ಕ್ರಮ. ಫೆಬ್ರವರಿ ಕೊನೆಯಿಂದ ಶುರು ಮಾಡಿದರೆ ಒಳ್ಳೆಯದು, ಏಪ್ರಿಲ್‌ನಲ್ಲಿ ಓದುತ್ತಿದ್ದರೂ ಬಹಳಷ್ಟು ಕೆಲಸ ಉಪಯೋಗಕ್ಕೆ ಬರುತ್ತದೆ.

ಮುಂಬೈಗೆ ಬೇಸಿಗೆ ಎರಡು

ಊರಲ್ಲಿ ಬೇಸಿಗೆ ಅಂದರೆ ಮೇ ಅನ್ನುವ ಲೆಕ್ಕ. ಮುಂಬೈಯಲ್ಲಿ ಹಾಗೆ ಕಾದು ಕೂತರೆ ತಡವಾಗುತ್ತದೆ. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 1956ರ ಮಾರ್ಚ್ 28ರಂದು 41.7 ಡಿಗ್ರಿ ದಾಖಲಾಗಿತ್ತು. ಇಲ್ಲಿ ಇಂಥ ಸುಡು ದಿನಗಳು ಹೆಚ್ಚಾಗಿ ಮಾರ್ಚ್, ಏಪ್ರಿಲ್‌ನಲ್ಲೇ ಬರುತ್ತವೆ. ಆ ತಿಂಗಳುಗಳಲ್ಲಿ ಪೂರ್ವದ ನೆಲದ ಕಡೆಯಿಂದ ಬಿಸಿ ಒಣಗಾಳಿ ಬೀಸುತ್ತದೆ. ಅದು ಜೋರಾಗಿದ್ದ ದಿನ ಸಮುದ್ರದ ಗಾಳಿ ಮಧ್ಯಾಹ್ನ ದಾಟಿದ ಮೇಲೆಯೇ ಒಳಗೆ ಬರುವುದು. ಅಷ್ಟರೊಳಗೆ ಊರೆಲ್ಲ ಕಾದಿರುತ್ತದೆ. ಮೇ ತಿಂಗಳಲ್ಲಿ ಸಮುದ್ರದ ಗಾಳಿ ಬೇಗ ಬರುತ್ತದೆ, ಬಿಸಿ 33, 34 ಡಿಗ್ರಿ ಸುತ್ತ ನಿಲ್ಲುತ್ತದೆ, ಆದರೆ ಗಾಳಿಯ ತುಂಬ ತೇವ. ನಮಗೆ ಬೆವರು ಆರುವುದಿಲ್ಲ, ಅಲ್ವಾ? ಗಿಡಕ್ಕೂ ಹಾಗೆಯೇ. ಎಲೆಯಿಂದ ನೀರು ಆರುವುದು ನಿಧಾನವಾಗುತ್ತದೆ.

ಹಾಗಾಗಿ ಮಾರ್ಚ್ ಮತ್ತು ಏಪ್ರಿಲ್ ಒಂದು ಬೇಸಿಗೆ, ಅದರಲ್ಲಿ ಒಣಗುವ ಭಯ. ಮೇ ಇನ್ನೊಂದು ಬೇಸಿಗೆ, ಅದರಲ್ಲಿ ಕೊಳೆಯುವ ಭಯ, ಹುಳುವಿನ ಭಯ. ಮಾರ್ಚ್‌ನಲ್ಲಿ ಹಾಕಿದಷ್ಟೇ ನೀರನ್ನು ಮೇ ಕೊನೆಯಲ್ಲೂ ಹಾಕಿದರೆ ಬೇರು ಉಸಿರುಗಟ್ಟುತ್ತದೆ.

ಮೊದಲ ಕೆಲಸ: ಸೂರ್ಯ ಎಲ್ಲಿ ಹೋಗುತ್ತಾನೆ ನೋಡಿ

ಇದನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ನನಗಂತೂ ಎಲ್ಲಕ್ಕಿಂತ ಜಾಸ್ತಿ ಉಪಯೋಗವಾದದ್ದು ಇದೇ.

ಮುಂಬೈ ಇರುವುದು ಸುಮಾರು 19 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಮೇ ತಿಂಗಳ ನಡುವಿಗೆ, ಅಂದರೆ 15ರ ಹೊತ್ತಿಗೆ, ಸೂರ್ಯ ಮಧ್ಯಾಹ್ನ ನೇರ ನೆತ್ತಿಯ ಮೇಲೆ ಬರುತ್ತಾನೆ. ಆ ದಿನ ನೆಟ್ಟಗೆ ನಿಂತ ಕೋಲಿಗೆ ನೆರಳೇ ಇರುವುದಿಲ್ಲ. ಆಮೇಲೆ ಸೂರ್ಯ ಉತ್ತರಕ್ಕೆ ದಾಟಿ, ಜುಲೈ ಕೊನೆಗೆ ಮತ್ತೆ ನೆತ್ತಿಗೆ ಬಂದು ದಕ್ಷಿಣಕ್ಕೆ ಇಳಿಯುತ್ತಾನೆ. ಇದರಿಂದ ಬಾಲ್ಕನಿಯ ಲೆಕ್ಕವೇ ಬದಲಾಗುತ್ತದೆ.

ದಕ್ಷಿಣದ ಬಾಲ್ಕನಿಗೆ ಜನವರಿಯಲ್ಲಿ ಬಿಸಿಲು ಒಳಗಿನ ಕೋಣೆವರೆಗೂ ಬರುತ್ತದೆ. ಏಪ್ರಿಲ್‌ಗೆ ಅದು ಕಂಬಿಯ ಹತ್ತಿರ ಒಂದು ಅಡಿಗೆ ಇಳಿಯುತ್ತದೆ, ಮೇ ನಡುವಿನ ನಂತರ ನೇರ ಬಿಸಿಲೇ ಇಲ್ಲ. ಮೇಲಿನ ಮನೆಯ ಸ್ಲ್ಯಾಬ್ ಅದನ್ನು ತಡೆಯುತ್ತದೆ. ನಾನು ಎರಡು ವರ್ಷ ಮೇ ತಿಂಗಳಲ್ಲಿ ಬೆಂಡೆ ಯಾಕೆ ಹೂ ಬಿಡುತ್ತಿಲ್ಲ ಅಂತ ಗೊಬ್ಬರ ಹಾಕುತ್ತಲೇ ಇದ್ದೆ. ಅದಕ್ಕೆ ಬೇಕಾಗಿದ್ದದ್ದು ಬಿಸಿಲು.

ಉತ್ತರದ ಬಾಲ್ಕನಿಯದು ಇದಕ್ಕೆ ತಿರುಗಾಮುರುಗಾ. ಚಳಿಗಾಲದಲ್ಲಿ ಅಲ್ಲಿ ಬಿಸಿಲಿಲ್ಲ ಅಂತ ಕಾಕೂ ಬರೀ ಎಲೆಗಿಡ ಇಡುತ್ತಿದ್ದರು. ಮಾರ್ಚ್ 21 ದಾಟಿದ ಮೇಲೆ ಬೆಳಿಗ್ಗೆ, ಸಂಜೆ ಓರೆ ಬಿಸಿಲು ಬರಲು ಶುರುವಾಗಿ ಮೇ, ಜೂನ್‌ನಲ್ಲಿ ಚೆನ್ನಾಗಿಯೇ ಸಿಗುತ್ತದೆ. ಈಗ ನನ್ನ ಬೆಂಡೆ, ಅಲಸಂಡೆ ಕುಂಡಗಳು ಏಪ್ರಿಲ್ ಕೊನೆಗೆ ಕಾಕೂ ಮನೆಗೆ ಹೋಗುತ್ತವೆ. ಅವರ ನೆರಳುಪ್ರಿಯ ಎಲೆಗಿಡಗಳು ನನ್ನಲ್ಲಿಗೆ ಬರುತ್ತವೆ. ಕಾಯಿ ಇಬ್ಬರಿಗೂ.

ಪೂರ್ವದ ಬಾಲ್ಕನಿ ಇದ್ದವರು ಪುಣ್ಯವಂತರು. ಮಧ್ಯಾಹ್ನದೊಳಗೆ ಬಿಸಿಲು ಮುಗಿಯುತ್ತದೆ. ಪಶ್ಚಿಮದ್ದು ಕಷ್ಟದ ಬಾಲ್ಕನಿ. ಗೋಡೆ, ನೆಲ, ಕಂಬಿ ಎಲ್ಲ ಕಾದ ಹೊತ್ತಿನಲ್ಲೇ ಅಲ್ಲಿಗೆ ಬಿಸಿಲು ಬರುತ್ತದೆ, ಸಂಜೆ ಆರರವರೆಗೂ ಬಿಡುವುದಿಲ್ಲ.

ಮಾಡಬೇಕಾದ್ದು ಇಷ್ಟೇ. ಒಂದು ರಜಾ ದಿನ ಬೆಳಿಗ್ಗೆ ಎಂಟು, ಹನ್ನೊಂದು, ಎರಡು, ಐದು ಗಂಟೆಗೆ ಬಾಲ್ಕನಿಯ ನೆಲದ ಮೇಲೆ ಬಿಸಿಲು ಎಲ್ಲಿವರೆಗೆ ಬಂದಿದೆ ಅಂತ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ. ತಿಂಗಳಿಗೊಮ್ಮೆ ಮತ್ತೆ ಎಳೆಯಿರಿ. ಗೆರೆ ಸರಿದಂತೆ ಕುಂಡ ಸರಿಸಿ. ಇನ್ನೊಂದು ಮಾತು. ಎಸಿಯ ಹೊರಗಿನ ಯಂತ್ರ ಬಾಲ್ಕನಿಯಲ್ಲಿದ್ದರೆ ಅದರ ಬಿಸಿಗಾಳಿ ಯಾವ ಕಡೆ ಬರುತ್ತದೆ ಅಂತ ಕೈ ಹಿಡಿದು ನೋಡಿ. ಆ ದಾರಿಯಲ್ಲಿ ಯಾವ ಗಿಡವನ್ನೂ ಇಡಬೇಡಿ.

ಎರಡನೇ ಕೆಲಸ: ಚಟ್ಟಿಯನ್ನು ತಂಪಾಗಿಡುವುದು

ಬಿಸಿಲು ಜಾಸ್ತಿಯಾದಾಗ ನಾವೆಲ್ಲ ಮೊದಲು ಮಾಡುವುದು ಹಸಿರು ಬಲೆ ಕಟ್ಟುವುದು. ನಾನೂ ಕಟ್ಟಿದ್ದೆ. ಅದನ್ನು ನೋಡಿ ವೈನಿ ಹೇಳಿದ ಮಾತು ನನಗೆ ಮರೆತಿಲ್ಲ. "ಅಕ್ಕಾರ, ಗಿಡದ ತಲೀಗೆ ನೆರಳ ಮಾಡೀರಿ, ಕಾಲಿಗೂ ಮಾಡಬೇಕಲ್ರೀ!"

ನೆಲದಲ್ಲಿ ಬೆಳೆದ ಗಿಡದ ಬೇರಿಗೆ ಸುತ್ತ ತಂಪು ಮಣ್ಣಿರುತ್ತದೆ. ಚಟ್ಟಿಯಲ್ಲಿ ಬೇರು ಹೊರಕ್ಕೆ ಓಡಿ ಗೋಡೆಗೆ ತಾಗಿ ಸುತ್ತುತ್ತದೆ. ಬಿಸಿಲು ಬಡಿಯುವುದೂ ಅದೇ ಗೋಡೆಗೆ. ಕಪ್ಪು ಪ್ಲಾಸ್ಟಿಕ್ ಬಿಸಿಲಿನಲ್ಲಿ ಗಾಳಿಗಿಂತ ಎಷ್ಟೋ ಜಾಸ್ತಿ ಕಾಯುತ್ತದೆ. ಮಣ್ಣು 40 ಡಿಗ್ರಿ ಸಮೀಪಿಸಿದರೆ ಹೆಚ್ಚಿನ ಗಿಡಗಳ ಬೇರು ನೀರು ಎಳೆಯುವುದನ್ನೇ ಕಡಿಮೆ ಮಾಡುತ್ತದೆ. ಆಗ ಮಣ್ಣು ಒದ್ದೆ ಇದ್ದರೂ ಎಲೆ ಬಾಡುತ್ತದೆ. ನಾವು ಬಾಯಾರಿದೆ ಅಂದುಕೊಂಡು ಇನ್ನಷ್ಟು ನೀರು ಹಾಕುತ್ತೇವೆ. ನನ್ನ ಕರಿಬೇವಿಗೆ ಆದದ್ದು ಇದೇ.

ನಾವು ಮಾಡುವ ಕ್ರಮ ಹೀಗೆ. ಮೊದಲು ಎಲ್ಲ ಕುಂಡಗಳನ್ನು ನೆಲದ ಟೈಲ್ಸ್‌ನಿಂದ ಎತ್ತಿ ಎರಡು ಇಟ್ಟಿಗೆ ಅಥವಾ ಮರದ ಪಟ್ಟಿಯ ಮೇಲೆ ಇಡುತ್ತೇವೆ. ಅಡಿಯಲ್ಲಿ ಗಾಳಿ ಓಡಾಡಬೇಕು. ಕಪ್ಪು ಚಟ್ಟಿಯನ್ನು ಅದಕ್ಕಿಂತ ಎರಡು ಇಂಚು ದೊಡ್ಡ ಚಟ್ಟಿಯೊಳಗೆ ಇಳಿಸಿ, ನಡುವಿನ ಸಂದಿಗೆ ಒಣ ಎಲೆ ಅಥವಾ ತೆಂಗಿನ ನಾರು ತುಂಬುತ್ತೇವೆ. ಹೊರಗಿನ ಚಟ್ಟಿಗೂ ತೂತು ಇರಲೇಬೇಕು. ದೊಡ್ಡ ಚಟ್ಟಿ ಇಲ್ಲದಿದ್ದರೆ ಹಳೆ ಗೋಣಿಚೀಲ ಸುತ್ತಿ ಕತ್ತದ ಹಗ್ಗದಲ್ಲಿ ಕಟ್ಟಿ. ಮಾರ್ಚ್, ಏಪ್ರಿಲ್‌ನ ಒಣಗಾಳಿಯಲ್ಲಿ ಮಧ್ಯಾಹ್ನ ಆ ಗೋಣಿಗೆ ಸ್ವಲ್ಪ ನೀರು ಚಿಮುಕಿಸಿದರೆ ನೀರು ಆರುತ್ತಾ ಚಟ್ಟಿ ತಂಪಾಗುತ್ತದೆ. ಕುಡಿಯುವ ನೀರಿನ ಮಡಕೆ ತಂಪಾಗುವುದು ಹೇಗೋ ಹಾಗೆ. ಮೇ ತಿಂಗಳ ಜಿಗುಟು ಗಾಳಿಯಲ್ಲಿ ಇದರಿಂದ ಅಷ್ಟು ಉಪಯೋಗವಿಲ್ಲ, ಗೋಣಿಗೆ ಬೂಷ್ಟು ಬರುತ್ತದೆ. ಆಗ ಒಣಗಿದ ಗೋಣಿಯೇ ಸಾಕು.

ಆಮೇಲೆ ಜೋಡಣೆ. ಬಿಸಿಲು ಬರುವ ಕಡೆಯಲ್ಲಿ ಗಟ್ಟಿ ಗಿಡಗಳ ದೊಡ್ಡ ಕುಂಡಗಳು: ದಾಸವಾಳ, ಬೋಗನ್‌ವಿಲ್ಲಾ, ಲೋಳೆಸರ. ಅವುಗಳ ಬೆನ್ನ ಹಿಂದೆ ಸಣ್ಣ ಕುಂಡಗಳು ಒತ್ತೊತ್ತಾಗಿ. ಮುಂದಿನ ಸಾಲಿನ ನೆರಳು ಹಿಂದಿನ ಚಟ್ಟಿಗಳ ಮೈಮೇಲೆ ಬೀಳಬೇಕು. ವೈನಿಯವರು ಮೊದಲ ಸಾಲಿನ ಪ್ಲಾಸ್ಟಿಕ್ ಕುಂಡಗಳಿಗೆ ಸುಣ್ಣ ಬಳಿಯುತ್ತಾರೆ. ಬಳಿದ ದಿನ ಕೈಯಿಟ್ಟು ನೋಡಿದರೆ ವ್ಯತ್ಯಾಸ ಗೊತ್ತಾಗುತ್ತದೆ.

ಹಸಿರು ಬಲೆಯೂ ಬೇಕು, ಪಶ್ಚಿಮದವರಿಗೆ ಖಂಡಿತ ಬೇಕು. ಅರ್ಧದಷ್ಟು ಬಿಸಿಲು ತಡೆಯುವ ಬಲೆ, ಅಂಗಡಿಯಲ್ಲಿ ಶೇ. 50ರದ್ದು ಅಂತ ಕೇಳಿ. ಶೇ. 75ರದ್ದು ತಂದರೆ ಮೆಣಸು, ಮಲ್ಲಿಗೆ ಹೂವೇ ಬಿಡುವುದಿಲ್ಲ. ಬಲೆ ಎಲೆಗೆ ತಾಗದಂತೆ ಒಂದು ಅಡಿ ದೂರ ಇರಲಿ. ಬಲೆ ಇಲ್ಲದವರಿಗೆ ಹಳೆ ಹತ್ತಿ ಸೀರೆ ಸಾಕು.

ಒಂದು ಎಚ್ಚರಿಕೆ. ಕಂಬಿಯ ಹೊರಗೆ, ಕೆಳಗೆ ಜನ ಓಡಾಡುವ ಕಡೆ ಕುಂಡ ತೂಗು ಹಾಕಬೇಡಿ. ನೀರು ಕುಡಿದ 12 ಇಂಚಿನ ಕುಂಡ ಹತ್ತು ಕಿಲೋಗಿಂತ ಜಾಸ್ತಿ ತೂಗುತ್ತದೆ.

ಮಣ್ಣು, ಹೊದಿಕೆ, ಕಬ್ಬಿನ ಸಿಪ್ಪೆ

ಚಟ್ಟಿ ಬದಲಿಸುವ ಕೆಲಸವಿದ್ದರೆ ಮಾರ್ಚ್ ನಡುವಿನೊಳಗೆ ಮುಗಿಸಿ. ಏಪ್ರಿಲ್ ಬಂದ ಮೇಲೆ ಬೇರು ಅಲುಗಾಡಿಸಬೇಡಿ, ಮಳೆ ಬರುವವರೆಗೆ ಕಾಯಿರಿ. ನಮ್ಮ ಮಿಶ್ರಣ ಸರಳ: ಕೆಂಪು ಮಣ್ಣು ಒಂದು ಪಾಲು, ಎರೆಗೊಬ್ಬರ ಅಥವಾ ಮನೆಯ ಕಾಂಪೋಸ್ಟ್ ಒಂದು ಪಾಲು, ಕೊಕೊಪೀಟ್, ಅಂದರೆ ತೆಂಗಿನ ಸಿಪ್ಪೆಯ ಪುಡಿ, ಒಂದು ಪಾಲು, ಒಂದು ಕುಂಡಕ್ಕೆ ಒಂದು ಹಿಡಿ ಬೇವಿನ ಹಿಂಡಿ. ಕೊಕೊಪೀಟ್ ಇಟ್ಟಿಗೆಯನ್ನು ನೆನೆಸಿ, ಆ ನೀರು ಚೆಲ್ಲಿ, ಇನ್ನೊಮ್ಮೆ ತೊಳೆದೇ ಬಳಸಿ. ಅದರಲ್ಲಿ ಉಪ್ಪಿನಂಶ ಇರುತ್ತದೆ.

ಮಣ್ಣಿನ ಮೇಲೆ ಎರಡು ಇಂಚು ಹೊದಿಕೆ ಬೇಕೇ ಬೇಕು. ಒಣ ಎಲೆ ಆಗಬಹುದು, ತೆಂಗಿನ ಸಿಪ್ಪೆಯ ನಾರು ಆಗಬಹುದು. ಮುಂಬೈಯಲ್ಲಿ ಸುಲಭವಾಗಿ ಸಿಗುವುದು ಕಬ್ಬಿನ ಸಿಪ್ಪೆ. ಬೇಸಿಗೆ ಬಂತೆಂದರೆ ಬೀದಿಬೀದಿಯಲ್ಲಿ ಕಬ್ಬಿನ ಹಾಲಿನ ಗಾಡಿ. ಸಂಜೆ ಚೀಲ ಹಿಡಿದುಕೊಂಡು ಹೋಗಿ ಕೇಳಿ, ಸುಮ್ನೆ ಕೊಡುತ್ತಾರೆ. ಈ ಊರಲ್ಲಿ ತಾರಸಿ ಬೇಸಾಯವನ್ನು ಜನರಿಗೆ ಕಲಿಸಿದ ಡಾ. ಆರ್. ಟಿ. ದೋಶಿ ಅವರು ಕುಂಡ, ಡ್ರಮ್ಮು, ಚೀಲಗಳಿಗೆ ಮುಖ್ಯವಾಗಿ ತುಂಬಿಸುತ್ತಿದ್ದದ್ದು ಈ ಸಿಪ್ಪೆಯನ್ನೇ. ಹಗುರ, ನೀರು ಹಿಡಿಯುತ್ತದೆ, ಕೊಳೆತು ಗೊಬ್ಬರವಾಗುತ್ತದೆ.

ಆದರೆ ಹಸಿ ಸಿಪ್ಪೆ ಹಾಗೇ ಹಾಕಿದರೆ ಸಿಹಿಗೆ ಇರುವೆ ಮುತ್ತುತ್ತದೆ, ಹುಳಿ ವಾಸನೆ ಬರುತ್ತದೆ. ನಾಲ್ಕೈದು ದಿನ ಬಿಸಿಲಿನಲ್ಲಿ ಗರಿಗರಿಯಾಗುವಷ್ಟು ಒಣಗಿಸಿ, ಬೆರಳುದ್ದ ಕತ್ತರಿಸಿ ಹಾಸಿ. ಕಾಂಡಕ್ಕೆ ತಾಗದಂತೆ ಒಂದು ಇಂಚು ಜಾಗ ಬಿಡಿ. ಸಿಪ್ಪೆ ಕೊಳೆಯುವಾಗ ಮಣ್ಣಿನ ಸಾರಜನಕವನ್ನು ಎಳೆದುಕೊಳ್ಳುತ್ತದೆ. ಎಲೆ ಹಳದಿಯಾಗುತ್ತಿದೆ ಅನಿಸಿದರೆ ಹದಿನೈದು ದಿನಕ್ಕೊಮ್ಮೆ ಒಂದು ಹಿಡಿ ಎರೆಗೊಬ್ಬರವನ್ನು ಹೊದಿಕೆಯ ಕೆಳಗೆ ಸೇರಿಸಿ.

ನೀರು: ಯಾವಾಗ, ಎಷ್ಟು, ಯಾವುದು

ಬೆರಳಿನ ಮೊದಲ ಗೆಣ್ಣಿನವರೆಗೆ ಮಣ್ಣಿಗೆ ಚುಚ್ಚಿ ನೋಡಿ. ಒಣಗಿದ್ದರೆ ನೀರು ಹಾಕಿ, ತೇವ ಇದ್ದರೆ ಬಿಡಿ. ಮಧ್ಯಾಹ್ನ ಬಾಡಿದ ಗಿಡ ಸಂಜೆ ತಾನಾಗಿ ನೆಟ್ಟಗಾದರೆ ಅದಕ್ಕೆ ಬೇಕಾದ್ದು ನೆರಳು. ಬೆಳಿಗ್ಗೆಯೂ ಜೋಲು ಬಿದ್ದಿದ್ದರೆ ಮಾತ್ರ ನೀರಿನದೋ ಬೇರಿನದೋ ತೊಂದರೆ.

ಬೆಳಿಗ್ಗೆ ಎಂಟರೊಳಗೆ, ನಿಧಾನವಾಗಿ, ಅಡಿಯ ತೂತಿನಿಂದ ಹನಿ ಬರುವವರೆಗೆ ಹಾಕಿ. ದಿನಾ ಮೇಲೆ ಮೇಲೆ ಅರ್ಧ ಚೊಂಬು ಚಿಮುಕಿಸಿದರೆ ಬೇರು ಮೇಲಕ್ಕೇ ಬರುತ್ತದೆ, ಬಿಸಿಗೆ ಬೇಗ ಸಾಯುತ್ತದೆ. ಮಣ್ಣು ಪೂರ್ತಿ ಒಣಗಿ ಹಾಕಿದ ನೀರು ಬದಿಯಿಂದ ಸುರಿದು ಹೋಗುತ್ತಿದ್ದರೆ, ಕುಂಡವನ್ನು ಒಂದು ಟಬ್ ನೀರಿನಲ್ಲಿ 20 ನಿಮಿಷ ಕೂರಿಸಿ.

ನೀರಿನ ಮೂಲದ ಬಗ್ಗೆ ಸ್ವಲ್ಪ ಯೋಚಿಸಬೇಕು. ಮುಂಬೈಗೆ ನೀರು ಬರುವುದು ಏಳು ಕೆರೆಗಳಿಂದ: ಭಾತ್ಸಾ, ಮೇಲಿನ ವೈತರಣಾ, ಮಧ್ಯ ವೈತರಣಾ, ಮೋಡಕ್ ಸಾಗರ, ತಾನ್ಸಾ, ವಿಹಾರ್, ತುಳಸಿ. ಮಳೆಗಾಲದಲ್ಲಿ ತುಂಬಿದ್ದು ಮೇ ಹೊತ್ತಿಗೆ ತಳ ಕಾಣುತ್ತದೆ. 2024ರಲ್ಲಿ ಮೇ 30ರಿಂದ ಶೇ. 5, ಜೂನ್ 5ರಿಂದ ಶೇ. 10 ನೀರು ಕಡಿತ ಮಾಡಿದ್ದರು. ಅಂಥ ಊರಲ್ಲಿ ಕುಡಿಯುವ ನೀರನ್ನೇ ಗಿಡಕ್ಕೆ ಸುರಿಯಲು ನನಗೆ ಮನಸ್ಸು ಬರುವುದಿಲ್ಲ.

ಅಕ್ಕಿ, ಬೇಳೆ, ತರಕಾರಿ ತೊಳೆದ ನೀರನ್ನು ಒಂದು ಬಾಲ್ದಿಯಲ್ಲಿ ಹಿಡಿಯಿರಿ. ನಾಲ್ಕು ಜನರ ಮನೆಯಲ್ಲಿ ದಿನಕ್ಕೆ ಆರೇಳು ಲೀಟರ್ ಸುಲಭವಾಗಿ ಆಗುತ್ತದೆ. ಅದೇ ದಿನ ಬಳಸಿ, ಮರುದಿನಕ್ಕೆ ಇಟ್ಟರೆ ನಾರುತ್ತದೆ. ಉಪ್ಪು ಹಾಕಿ ಬೇಯಿಸಿದ ನೀರು ಬೇಡ. ಎಸಿಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವವೇ ನೀರಾದದ್ದು, ಗಿಡಕ್ಕೆ ಒಳ್ಳೆಯದು. ನೀರು ಶುದ್ಧ ಮಾಡುವ ಆರ್‌ಓ ಯಂತ್ರ ಹೊರಗೆ ಬಿಡುವ ನೀರನ್ನು ಮಾತ್ರ ಕುಂಡಕ್ಕೆ ಹಾಕಬೇಡಿ. ಅದರಲ್ಲಿ ಉಪ್ಪು ಗಟ್ಟಿಯಾಗಿರುತ್ತದೆ, ಕುಂಡದ ಮಣ್ಣಿನಲ್ಲಿ ಕೂಡುತ್ತಾ ಹೋಗುತ್ತದೆ. ನೆಲ ಒರೆಸಲು ಇಟ್ಟುಕೊಳ್ಳಿ.

ಕುಂಡದಡಿಯ ತಟ್ಟೆಯಲ್ಲಿ ನೀರು ನಿಲ್ಲಬಾರದು. ಡೆಂಗ್ಯೂ ಹರಡುವ ಸೊಳ್ಳೆ ಇಂಥ ಸ್ವಚ್ಛ ನೀರಿನಲ್ಲೇ ಮೊಟ್ಟೆ ಇಡುತ್ತದೆ, ಏಳರಿಂದ ಹತ್ತು ದಿನಕ್ಕೆ ಮರಿ ಹಾರುತ್ತದೆ. ನಾವು ಭಾನುವಾರ ಮತ್ತು ಬುಧವಾರ ತಟ್ಟೆ ಚೆಲ್ಲಿ ಉಜ್ಜುತ್ತೇವೆ.

ಈಗ ಏನು ಬಿತ್ತಬಹುದು

ಬೀಜದಂಗಡಿಯಲ್ಲಿ ಕನ್ನಡದ ಹೆಸರು ನಡೆಯುವುದಿಲ್ಲ, ಆದ್ದರಿಂದ ಮರಾಠಿ ಹೆಸರನ್ನೂ ಬರೆಯುತ್ತೇನೆ.

ಹೊಸಬರು ಹರಿವೆಯಿಂದ ಶುರು ಮಾಡಿ. ಕೆಂಪು ಹರಿವೆಗೆ ಇಲ್ಲಿ ಲಾಲ್ ಮಾಠ್ ಅನ್ನುತ್ತಾರೆ. ಆರು ಇಂಚು ಆಳದ ಯಾವ ಡಬ್ಬಿಯೂ ಆದೀತು. ಬೀಜ ತುಂಬ ಸಣ್ಣದು, ಒಣ ಮರಳಿನ ಜೊತೆ ಕಲಸಿ ಎರಚಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ. 25, 30 ದಿನಕ್ಕೆ ಪಲ್ಯಕ್ಕೆ ಬರುತ್ತದೆ. ಒತ್ತಾಗಿದ್ದದ್ದನ್ನು ಮೊದಲು ಕಿತ್ತು ತಿನ್ನಿ, ಉಳಿದದ್ದು ದಂಟಾಗಲಿ.

ಬಸಳೆಗೆ ಬೀಜವೇ ಬೇಡ. ಮಾರುಕಟ್ಟೆಯಲ್ಲಿ ಮಾಯಾಳು ಅಂತ ಸಿಗುವ ಕಟ್ಟು ತನ್ನಿ. ಎಲೆ, ಎಳೆ ತುದಿ ಅಡುಗೆಗೆ. ದಪ್ಪ ದಂಟಿನಲ್ಲಿ ಮೂರು ನಾಲ್ಕು ಗೆಣ್ಣು ಇರುವ ತುಂಡನ್ನು ಎರಡು ಗೆಣ್ಣು ಮಣ್ಣಿನೊಳಗೆ ಹೋಗುವಂತೆ ಊರಿ, ಎರಡು ವಾರ ನೆರಳಲ್ಲಿಡಿ. ಆಮೇಲೆ ಗ್ರಿಲ್ಲಿಗೆ ಹಬ್ಬಿಸಿ. ಪಶ್ಚಿಮದ ಗ್ರಿಲ್ಲಿಗೆ ಬಸಳೆ ಹಬ್ಬಿದರೆ ಒಳಗಿನ ಕೋಣೆಗೂ ನೆರಳು.

ಬೆಂಡೆ ಮತ್ತು ಅಲಸಂಡೆಗೆ ಬಿಸಿ ಇಷ್ಟ. ಬೆಂಡೆ ಬೀಜ ರಾತ್ರಿಯಿಡೀ ನೆನೆಸಿ, 12 ಇಂಚಿನ ಕುಂಡಕ್ಕೆ ಎರಡು ಹಾಕಿ, ಮೊಳೆತ ಮೇಲೆ ಗಟ್ಟಿಯಾದ ಒಂದನ್ನು ಮಾತ್ರ ಬಿಡಿ. 45, 50 ದಿನಕ್ಕೆ ಮೊದಲ ಕಾಯಿ. ಒಂದು ಗಿಡದಿಂದ ಪಲ್ಯ ಆಗುವುದಿಲ್ಲ, ಕಡಿಮೆಯೆಂದರೆ ಆರು ಗಿಡ ಬೇಕು. ಅಲಸಂಡೆಗೆ ಇಲ್ಲಿ ಚವಳಿ, ಹೀರೆಗೆ ದೋಡ್ಕಾ ಅಥವಾ ಶಿರಾಳೆ.

ಟೊಮೆಟೊ ಈಗ ಬೇಡ. ರಾತ್ರಿ 24 ಡಿಗ್ರಿಗಿಂತ ಜಾಸ್ತಿ ಬಿಸಿಯಿದ್ದರೆ ಹೂ ಕಾಯಿ ಕಟ್ಟದೆ ಉದುರುತ್ತದೆ. ಮುಂಬೈಯಲ್ಲಿ ಏಪ್ರಿಲ್ ನಂತರ ರಾತ್ರಿಯೂ ಅದಕ್ಕಿಂತ ಬಿಸಿ. ಕೊತ್ತಂಬರಿ, ಪಾಲಕ್ ಬೇಗ ಹೂ ಬಿಟ್ಟು ಮುಗಿಯುತ್ತವೆ. ಸೊಪ್ಪಿನ ಆಸೆಗೆ ಮೆಂತ್ಯ ಹಾಕಿ. ಈ ಊರಿನ ಮಾರುಕಟ್ಟೆಯಲ್ಲಿ ಸಮುದ್ರ ಮೇಥಿ ಅಂತ ಪುಟ್ಟ ಕಟ್ಟು ಬರುತ್ತದಲ್ಲ, ಮರಳಿನಲ್ಲಿ ಬೆಳೆದ ಎಳೆ ಮೆಂತ್ಯ. ಅದೇ ರೀತಿ ಅಡುಗೆಮನೆ ಕಿಟಕಿಯಲ್ಲಿ ಒಂದು ತಟ್ಟೆ ಮಣ್ಣಿನಲ್ಲಿ ಒತ್ತಾಗಿ ಬಿತ್ತಿ, 10, 12 ದಿನಕ್ಕೆ ಕತ್ತರಿಸಿ.

ಹೊಸ ಮೊಳಕೆಗೆ ಪಾರಿವಾಳದ ಕಾಟ ಇದ್ದೇ ಇದೆ. ಈರುಳ್ಳಿ ಬಂದ ಬಲೆ ಚೀಲ ಕತ್ತರಿಸಿ ಮುಚ್ಚಿ, ನಾಲ್ಕು ಎಲೆ ಬಂದ ಮೇಲೆ ತೆಗೆಯಿರಿ.

ಮಲ್ಲಿಗೆಗೆ ಬೇರೆಯೇ ಲೆಕ್ಕ

ನಮ್ಮೂರಲ್ಲಿ ಮಲ್ಲಿಗೆಯನ್ನು ಚೆಂಡು, ಅಟ್ಟೆ ಲೆಕ್ಕದಲ್ಲಿ ಮಾರುತ್ತಾರೆ. 800 ಮೊಗ್ಗಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ನನ್ನ ಬಾಲ್ಕನಿಯಲ್ಲಿ ದಿನಕ್ಕೆ ಇಪ್ಪತ್ತು ಮೊಗ್ಗು ಸಿಕ್ಕಿದರೆ ದೇವರ ಪಟಕ್ಕೂ ಆಯಿತು, ಜಡೆಗೂ ಆಯಿತು. ಇಲ್ಲಿ ಮೋಗ್ರಾ ಅಂತ ಕೇಳಿದರೆ ದುಂಡು ಮಲ್ಲಿಗೆ ಗಿಡ ಕೊಡುತ್ತಾರೆ.

ಹೂ ಬರುವುದು ಹೊಸ ಚಿಗುರಿನ ತುದಿಗೆ. ಅದಕ್ಕೇ ಫೆಬ್ರವರಿಯಲ್ಲಿ ಗಿಡದ ಮೂರನೇ ಒಂದು ಭಾಗ ಕತ್ತರಿಸಬೇಕು. ಹಳೆ ಎಲೆ ಕಿತ್ತು, ಒಂದು ವಾರ ನೀರು ತೀರಾ ಕಡಿಮೆ ಮಾಡಿ. ಆಮೇಲೆ ಎರಡು ಹಿಡಿ ಕಾಂಪೋಸ್ಟ್, ಸ್ವಲ್ಪ ಎಲುಬಿನ ಪುಡಿ ಹಾಕಿ ಚೆನ್ನಾಗಿ ನೀರು ಕೊಡಿ. ತಡವಾಗಿದ್ದರೆ ಜೋರಾಗಿ ಕತ್ತರಿಸಬೇಡಿ, ತುದಿಗಳನ್ನು ಮಾತ್ರ ಚಿವುಟಿ. ಒಂದು ಸುತ್ತು ಹೂ ಮುಗಿದ ಕೂಡಲೇ ಆ ಕೊಂಬೆಯ ತುದಿಯಿಂದ ಎರಡು ಗೆಣ್ಣು ಕತ್ತರಿಸಿದರೆ ಮತ್ತೊಂದು ಸುತ್ತು ಬರುತ್ತದೆ. ಐದು ಗಂಟೆ ನೇರ ಬಿಸಿಲು ಇಲ್ಲದ ಕಡೆ ಮಲ್ಲಿಗೆ ಬರೀ ಎಲೆ ಬಿಡುತ್ತದೆ. ನನ್ನ ಮಲ್ಲಿಗೆ ಈಗ ವರ್ಷವಿಡೀ ಮೇಷ್ಟ್ರ ಪೂರ್ವದ ಬಾಲ್ಕನಿಯಲ್ಲೇ ಇದೆ. ಅವರು ಬೆಳಿಗ್ಗೆ ಹೂ ಕಳಿಸುತ್ತಾರೆ.

ಹಿಟ್ಟು ತಿಗಣೆ

ಮೇ ತಿಂಗಳ ಸೆಕೆಯಲ್ಲಿ ದಾಸವಾಳದ ಎಳೆ ತುದಿಗೆ ಬಿಳಿ ಹತ್ತಿಯಂತೆ ಅಂಟಿಕೊಳ್ಳುತ್ತದೆ. ಮೊದಲು ನೀರಿನ ಪೈಪಿನಿಂದ ಜೋರಾಗಿ ಹೊಡೆದು ಉದುರಿಸಿ, ತುಂಬ ಮುತ್ತಿದ ತುದಿ ಕತ್ತರಿಸಿ ಚೀಲಕ್ಕೆ ಕಟ್ಟಿ ಎಸೆಯಿರಿ. ಆಮೇಲೆ 5 ಮಿಲಿ ಬೇವಿನ ಎಣ್ಣೆಗೆ ಪಾತ್ರೆ ತೊಳೆಯುವ ದ್ರವ ನಾಲ್ಕೈದು ಹನಿ ಹಾಕಿ ಕಲಸಿ, ಒಂದು ಲೀಟರ್ ನೀರಿಗೆ ಬೆರೆಸಿ, ಬಿಸಿಲು ಇಳಿದ ಮೇಲೆ ಎಲೆಯ ಅಡಿಗೂ ಸಿಂಪಡಿಸಿ. ಬಿಸಿಲಿನಲ್ಲಿ ಸಿಂಪಡಿಸಿದರೆ ಎಲೆ ಸುಡುತ್ತದೆ. ವಾರಕ್ಕೊಮ್ಮೆಯಂತೆ ಮೂರು ವಾರ. ಇರುವೆಗಳು ಈ ತಿಗಣೆಯನ್ನು ಗಿಡದಿಂದ ಗಿಡಕ್ಕೆ ಹೊರುತ್ತವೆ, ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ.

ಒಂದೆಲಗದ ಚಟ್ಟಿ ಮತ್ತು ತಂಬುಳಿ

ಬೇಸಿಗೆಗೆ ಒಂದೇ ಗಿಡ ಇಡಬಹುದು ಅಂದರೆ ನಾನು ಒಂದೆಲಗ ಇಡುತ್ತೇನೆ. ಇಲ್ಲಿ ಬ್ರಾಹ್ಮಿ ಅಂತ ಕೇಳಿದರೆ ಎರಡು ಬೇರೆ ಬೇರೆ ಗಿಡ ಕೊಡುತ್ತಾರೆ. ಸಣ್ಣ ದಪ್ಪ ಎಲೆಯದ್ದು ಬೇರೆ. ನಮಗೆ ಬೇಕಾದ್ದು ನಾಣ್ಯದಂತೆ ದುಂಡಗೆ, ಒಂದು ಕಡೆ ಸೀಳಿರುವ ಎಲೆಯದ್ದು. ಅಗಲ ಬಾಯಿಯ ಕುಂಡದಲ್ಲಿ ನೆಟ್ಟು ಎಸಿ ನೀರು ತೊಟ್ಟಿಕ್ಕುವ ನೆರಳಿನ ಮೂಲೆಯಲ್ಲಿಡಿ. ಬಳ್ಳಿ ಹರಿದು ಕುಂಡ ತುಂಬುತ್ತದೆ.

ಒಂದು ಹಿಡಿ ಎಲೆ ತೊಳೆದು, ಅರ್ಧ ಚಮಚ ಜೀರಿಗೆ, ಐದಾರು ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಬಾಡಿಸಿ. ಅರ್ಧ ಲೋಟ ತೆಂಗಿನ ತುರಿ ಸೇರಿಸಿ ನುಣ್ಣಗೆ ರುಬ್ಬಿ. ಎರಡು ಲೋಟ ಮಜ್ಜಿಗೆ, ಉಪ್ಪು ಬೆರೆಸಿ, ಸಾಸಿವೆ ಒಗ್ಗರಣೆ ಕೊಡಿ. ಇದನ್ನು ಕುದಿಸಬಾರದು. ಒಂದೆಲಗ ಸಿಗದಿದ್ದರೆ ದೊಡ್ಡಪತ್ರೆ ಆದೀತು, ಇಲ್ಲಿ ಅದಕ್ಕೆ ಪಾನ್ ಓವಾ ಅನ್ನುತ್ತಾರೆ. ಅದಕ್ಕೆ ಆರೈಕೆಯೇ ಬೇಡ, ತುಂಡು ಚುಚ್ಚಿದರೆ ಬದುಕುತ್ತದೆ. ಕಾಕೂ ಮನೆಯಲ್ಲಿ ಮೊದಲು ಅದರ ಎಲೆಯ ಭಜಿ ಮಾತ್ರ ಮಾಡುತ್ತಿದ್ದರು. ಈಗ ಮಧ್ಯಾಹ್ನದ ಅನ್ನಕ್ಕೆ ತಂಬುಳಿಯೂ ಆಗುತ್ತದೆ.

ಊರಿಗೆ ಹೋಗುವಾಗ

ಮೇ ರಜೆಗೆ ಎಲ್ಲರೂ ಊರಿಗೆ ಹೋಗುವವರೇ. ರೈಲು ಟಿಕೆಟ್ ಕಾದಿರಿಸುವುದು ಎಷ್ಟೋ ವಾರ ಮೊದಲೇ, ಅಲ್ವಾ? ಗಿಡದ ಮಾತೂ ಅದೇ ದಿನ ಆಡಿಬಿಡಿ. ನಾವು ನಾಲ್ಕು ಮನೆಯವರು ಒಂದು ಕಾಗದದಲ್ಲಿ ಯಾರು ಯಾವ ವಾರ ಇರುತ್ತೇವೆ ಅಂತ ಬರೆದುಕೊಳ್ಳುತ್ತೇವೆ. ನೀರಿನ ಆಸೆ ಜಾಸ್ತಿ ಇರುವ ಐದಾರು ಕುಂಡ ಮಾತ್ರ ಇನ್ನೊಬ್ಬರ ಮನೆಗೆ ಹೋಗುತ್ತದೆ. ಪ್ರತಿ ಕುಂಡಕ್ಕೂ ಚೀಟಿ ಅಂಟಿಸಿ: "ದಿನಾ ಒಂದು ಚೊಂಬು", "ಮೂರು ದಿನಕ್ಕೊಮ್ಮೆ". ಹೇಳಿ ಹೋದದ್ದು ಮರೆತುಹೋಗುತ್ತದೆ, ಬರೆದದ್ದು ಇರುತ್ತದೆ.

ಉಳಿದವುಗಳನ್ನು ಬಾಲ್ಕನಿಯ ಒಳಮೂಲೆಗೆ ಒತ್ತಾಗಿ ಸೇರಿಸಿ, ಹೊದಿಕೆ ಮೂರು ಇಂಚು ಮಾಡಿ. ನಡುವೆ ಎತ್ತರದ ಮೇಲೆ ಒಂದು ಮುಚ್ಚಿದ ಬಾಲ್ದಿ ನೀರು, ಮುಚ್ಚಳದ ತೂತಿನಿಂದ ಹತ್ತಿಯ ದಪ್ಪ ಬತ್ತಿ, ಅದರ ಇನ್ನೊಂದು ತುದಿ ಕುಂಡದ ಮಣ್ಣಿನಲ್ಲಿ ಎರಡು ಇಂಚು ಆಳಕ್ಕೆ. ಹೊರಡುವ ಒಂದು ವಾರ ಮೊದಲೇ ಇದನ್ನು ಕಟ್ಟಿ, ನೀರು ನಿಜವಾಗಿ ಇಳಿಯುತ್ತಿದೆಯೇ ನೋಡಿ. ಬಾಲ್ದಿ ಮುಚ್ಚದೆ ಹೋದರೆ ಸೊಳ್ಳೆ ಸಾಕಿದಂತಾಗುತ್ತದೆ.

ಮಳೆಗೆ ಮೊದಲು

ಮುಂಬೈಗೆ ಮುಂಗಾರು ಬರುವ ಸಾಮಾನ್ಯ ದಿನ ಜೂನ್ 11. ಗಾಳಿ, ಗುಡುಗು ಅದಕ್ಕೂ ಮೊದಲೇ ಬರುತ್ತದೆ. ಆದ್ದರಿಂದ ಮೇ ಕೊನೆಯ ವಾರ ಹಸಿರು ಬಲೆ ಬಿಚ್ಚಿ, ಗಾಳಿಗೆ ಹರಿದು ಕೆಳಗಿನ ಮನೆಯವರ ಮೇಲೆ ಬೀಳಬಾರದು. ಕುಂಡದಡಿಯ ತಟ್ಟೆಗಳನ್ನೆಲ್ಲ ತೆಗೆದು ಒಳಗಿಡಿ. ಅಡಿಯ ತೂತುಗಳನ್ನು ಒಂದು ಕಡ್ಡಿಯಿಂದ ಚುಚ್ಚಿ ಬಿಡಿಸಿ. ಹೊದಿಕೆಯನ್ನು ಅರ್ಧ ಇಂಚಿಗೆ ಇಳಿಸಿ, ಕೊಳೆತ ಕಬ್ಬಿನ ಸಿಪ್ಪೆಯನ್ನು ಮಣ್ಣಿಗೆ ಕಲಸಿ. ಗೋಣಿಚೀಲ ಬಿಚ್ಚಿ, ಒಗೆದು, ಪೂರ್ತಿ ಒಣಗಿಸಿ ಮಡಿಚಿಡಿ, ಫೆಬ್ರವರಿಗೆ ಮತ್ತೆ ಬೇಕು.

ಮೊದಲ ಮಳೆ ಬಿದ್ದ ವಾರ ಬಸಳೆ ಬಳ್ಳಿ ಕತ್ತರಿಸುವ ಕಾಲ. ಆಗ ಊರಿದ ತುಂಡು ಒಂದೂ ಹೋಗುವುದಿಲ್ಲ. ಈ ಸಲ ಕಾಕೂ ಮೂರು ತುಂಡು ಕೇಳಿಟ್ಟಿದ್ದಾರೆ, ವೈನಿಗೆ ಎರಡು ಬೇಕಂತೆ, ಅವರ ಅಕ್ಕನ ಮನೆ ಡೊಂಬಿವಲಿಗೆ ಒಂದು.